ಮಲೆನಾಡಿನಲ್ಲಿ ಯೂನಿಫಾರ್ಮ್ ಖರ್ಚು ಇಳಿಸೋದು ಹೇಗೆ: ಏಪ್ರಿಲ್‌ನಿಂದ ಏಪ್ರಿಲ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಕೈ ಖಾಲಿ. ಅಡಿಕೆ ಕೊಯ್ಲು ಮುಗಿದು ತಿಂಗಳುಗಳಾಗಿರುತ್ತವೆ. ತೋಟ ಇದ್ದವರಿಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚು, ಗದ್ದೆ ಇದ್ದವರಿಗೆ ಬೀಜ-ಗೊಬ್ಬರದ ಖರ್ಚು. ಕೂಲಿಗೆ ಹೋಗುವವರಿಗೆ ನಾಟಿ ಶುರುವಾಗುವ ತನಕ ಕೆಲಸವೇ ಕಮ್ಮಿ. ಅದೇ ವಾರ ಫೀಸು, ಪುಸ್ತಕ, ಬ್ಯಾಗು, ಕೊಡೆ, ಜೊತೆಗೆ ಯೂನಿಫಾರ್ಮು. ಎರಡು ಮಕ್ಕಳಿದ್ದ ಮನೆಯಲ್ಲಂತೂ ಲೆಕ್ಕ ಹಾಕೋಕೇ ಭಯ.

ನಾನು ತೀರ್ಥಹಳ್ಳಿ ಕಡೆ ಹೊಲಿಗೆ ಕೆಲಸ ಮಾಡುವವಳು. "ಅಕ್ಕಾ, ಹೇಗಾದ್ರೂ ಎರಡು ವರ್ಷ ಬರೋ ಹಾಗೆ ಹೊಲಿದು ಕೊಡಿ" ಅಂತ ಪ್ರತಿ ವರ್ಷ ಅಮ್ಮಂದಿರು ಬರುತ್ತಾರೆ. ಹೊಲಿದು ಕೊಡಬಹುದು, ಹೇಗೆ ಅಂತ ಕೆಳಗೆ ಹೇಳುತ್ತೇನೆ. ಆದರೆ ಹೊಲಿಗೆಯಲ್ಲಿ ಉಳಿಯುವುದಕ್ಕಿಂತ ಜಾಸ್ತಿ ಉಳಿಯುವುದು ಅಂಗಡಿ ಮೆಟ್ಟಿಲು ಹತ್ತುವ ಮೊದಲೇ. ನಿಜಕ್ಕೂ ಎಷ್ಟು ಬೇಕು, ಎಲ್ಲಿ ಕೊಳ್ಳಬೇಕು, ಯಾವಾಗ ಕೊಳ್ಳಬೇಕು, ಇಷ್ಟು ಮೊದಲೇ ತೀರ್ಮಾನವಾಗಬೇಕು. ನನ್ನ ಮಾತು ಇಷ್ಟೇ: ಜೂನ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಮಲೆನಾಡಿನ ಮಳೆಗೆ ಹೊಸ ಬಟ್ಟೆ ಹಾಕಿ ಹಾಳು ಮಾಡುವುದರಲ್ಲಿ ಅರ್ಥ ಇಲ್ಲ.

ಹೆಜ್ಜೆ 1: ಏಪ್ರಿಲ್‌ನಲ್ಲೇ ಹಳೆಯದನ್ನು ಹರವಿ ನೋಡಿ

ರಿಸಲ್ಟ್ ಬಂದ ವಾರವೇ ಹಳೆ ಯೂನಿಫಾರ್ಮ್‌ಗಳನ್ನೆಲ್ಲ ಒಗೆದು, ಒಣಗಿಸಿ, ಜಗಲಿಯಲ್ಲಿ ಹರವಿ. ಮಗುವಿಗೆ ಒಂದೊಂದಾಗಿ ಹಾಕಿಸಿ ನೋಡಿ. ಬರೀ ಕಣ್ಣಳತೆಯಲ್ಲಿ "ಇದು ಸಣ್ಣದಾಯ್ತು" ಅಂತ ಬಿಸಾಡಬೇಡಿ.

ನೋಡಬೇಕಾದ ಜಾಗ ಐದು: ಕಾಲರ್ ಮಡಚುವ ಗೆರೆ, ಕಂಕುಳು, ಮೊಣಕಾಲು, ಕೂರುವ ಜಾಗ, ಸೊಂಟದ ಎಲಾಸ್ಟಿಕ್. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಬೆಳಕು ತೂರಿ ಬಂದರೆ ಅದರ ಆಯಸ್ಸು ಮುಗಿದಿದೆ, ದುರಸ್ತಿಗೆ ದುಡ್ಡು ಹಾಕಬೇಡಿ. ಬಟ್ಟೆ ಗಟ್ಟಿ ಇದ್ದು ಎಲಾಸ್ಟಿಕ್ ಸಡಿಲವಾಗಿದ್ದರೆ, ಜಿಪ್ ಹೋಗಿದ್ದರೆ, ಗುಂಡಿ ಇಲ್ಲದಿದ್ದರೆ ಅದು ಸಣ್ಣ ಕೆಲಸ.

ಆಮೇಲೆ ಅಳತೆ. ಭುಜ, ಎದೆ, ಸೊಂಟ, ಅಂಗಿ ಉದ್ದ, ಪ್ಯಾಂಟ್ ಅಥವಾ ಸ್ಕರ್ಟ್ ಉದ್ದ. ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರರಿಂದ ಹತ್ತು ವರ್ಷದ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5-6 ಸೆಂಟಿಮೀಟರ್, ಅಂದರೆ ಎರಡು ಇಂಚಿನಷ್ಟು ಉದ್ದ ಆಗುತ್ತಾರೆ. ಹೆಣ್ಣುಮಕ್ಕಳು ಹತ್ತು-ಹನ್ನೆರಡರ ಸುಮಾರಿಗೆ, ಗಂಡುಮಕ್ಕಳು ಅದಕ್ಕಿಂತ ಎರಡು ವರ್ಷ ತಡವಾಗಿ ಒಂದೇ ಸಲಕ್ಕೆ ಬೆಳೆದುಬಿಡುತ್ತಾರೆ. ಆ ವಯಸ್ಸು ಹತ್ತಿರ ಇದ್ದರೆ ಒಂದೇ ಸಲ ಮೂರು ಸೆಟ್ ಹೊಲಿಸುವುದು ದುಡ್ಡು ದಂಡ. ಮೊದಲು ಸಣ್ಣದಾಗುವುದು ಪ್ಯಾಂಟಿನ ಉದ್ದ. ಅಂಗಿ ಇನ್ನೊಂದು ವರ್ಷ ಬರುವುದುಂಟು. ಹಾಗಾಗಿ "ಸೆಟ್" ಲೆಕ್ಕದಲ್ಲಿ ಯೋಚಿಸಬೇಡಿ. ಅಂಗಿ ಎಷ್ಟು, ಪ್ಯಾಂಟ್ ಎಷ್ಟು ಅಂತ ಬೇರೆ ಬೇರೆ ಬರೆಯಿರಿ.

ಹೆಜ್ಜೆ 2: ನಿಯಮ ಏನು ಹೇಳುತ್ತದೆ, ತಿಳಿದುಕೊಳ್ಳಿ

ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವವರು ಇದನ್ನು ಓದಲೇಬೇಕು. ಎಷ್ಟೋ ಜನ "ಶಾಲೆಯವರು ಹೇಳಿದ ಅಂಗಡಿಯಲ್ಲೇ ತಗೋಬೇಕಂತೆ" ಎಂದು ಸುಮ್ನೆ ಒಪ್ಪಿಕೊಂಡುಬಿಡುತ್ತಾರೆ.

ಕರ್ನಾಟಕ ಶಿಕ್ಷಣ ಕಾಯ್ದೆಯ ಕೆಳಗೆ 1995ರಲ್ಲಿ ಮಾಡಿದ ನಿಯಮಗಳಿವೆ. ಅದರ 11ನೇ ನಿಯಮ ಯೂನಿಫಾರ್ಮ್ ಬಗ್ಗೆಯೇ ಇದೆ. ಅದು ಹೇಳುವುದು ಮೂರು ಮಾತು. ಶಾಲೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಬಹುದು, ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಿದ್ದರೆ ಕನಿಷ್ಠ ಒಂದು ವರ್ಷ ಮೊದಲೇ ಪೋಷಕರಿಗೆ ನೋಟಿಸ್ ಕೊಡಬೇಕು. ಶಾಲೆಯಲ್ಲೇ ಅಥವಾ ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು, ಅವರು ಹೇಳಿದ ಟೈಲರ್ ಹತ್ತಿರವೇ ಹೊಲಿಸಬೇಕು ಅಂತ ಕಡ್ಡಾಯ ಮಾಡುವಂತಿಲ್ಲ. ಎಲ್ಲಿ ಕೊಳ್ಳಬೇಕು, ಯಾರ ಹತ್ತಿರ ಹೊಲಿಸಬೇಕು ಅನ್ನುವುದು ಪೋಷಕರಿಗೆ ಬಿಟ್ಟದ್ದು.

ಇದು ರಾಜ್ಯ ಪಠ್ಯಕ್ರಮದ ಶಾಲೆಗಳ ಮಾತು. ಸಿಬಿಎಸ್‌ಇ ಶಾಲೆಗಳಿಗೂ ಅವರ ಮಂಡಳಿ 2017ರಲ್ಲೇ, ಪುಸ್ತಕ-ಯೂನಿಫಾರ್ಮ್ ಮಾರುವ ವ್ಯಾಪಾರ ಮಾಡಬೇಡಿ ಎಂದು ಸುತ್ತೋಲೆ ಕಳಿಸಿತ್ತು.

ಜಗಳ ಮಾಡೋಕೆ ಹೋಗಬೇಡಿ. ಮುಂದೆ ಮಗು ಅದೇ ಶಾಲೆಯಲ್ಲಿ ಓದಬೇಕಲ್ವಾ? ಮೊದಲು ಮುಖ್ಯೋಪಾಧ್ಯಾಯರನ್ನು ನೋಡಿ, ಮೆತ್ತಗೆ ಕೇಳಿ: "ಸರ್, ಇದೇ ಬಣ್ಣ, ಇದೇ ಚೆಕ್ಸ್ ಬಟ್ಟೆ ಹೊರಗೆ ತಂದು ಹೊಲಿಸ್ತೀವಿ. ಶಾಲೆಯ ಬ್ಯಾಡ್ಜ್ ಮಾತ್ರ ನಿಮ್ಮಿಂದ ತಗೋತೀವಿ." ಬ್ಯಾಡ್ಜನ್ನು ಬೇರೆಯಾಗಿ ಕೊಡಿ ಅನ್ನುವುದೇ ಇಲ್ಲಿ ಮುಖ್ಯ. ಜೇಬಿನ ಮೇಲೆ ಲಾಂಛನ ಹೊಲಿದೇ ಬರುವ ಅಂಗಿ ಇದ್ದರೆ ಎಲ್ಲರೂ ಆ ಅಂಗಡಿಗೇ ಹೋಗಬೇಕಾಗುತ್ತದೆ. ಒಬ್ಬರೇ ಹೋಗಬೇಡಿ, ಅದೇ ತರಗತಿಯ ನಾಲ್ಕೈದು ಪೋಷಕರು ಸೇರಿ ಹೋಗಿ.

ಮಾತಿನಲ್ಲಿ ಆಗದಿದ್ದರೆ ಬರೆದು ಕೊಡಿ. ಹೀಗೆ ಬರೆದರೆ ಸಾಕು: "ಮಾನ್ಯರೇ, ಸಮವಸ್ತ್ರವನ್ನು ನಿರ್ದಿಷ್ಟ ಅಂಗಡಿಯಲ್ಲೇ ಕೊಳ್ಳಬೇಕೆಂದು ತಿಳಿಸಲಾಗಿದೆ. 1995ರ ನಿಯಮಗಳ 11ನೇ ನಿಯಮದ ಪ್ರಕಾರ ಇದು ಕಡ್ಡಾಯವಲ್ಲ. ಬಟ್ಟೆಯ ಬಣ್ಣ ಮತ್ತು ಮಾದರಿಯ ವಿವರ ಕೊಟ್ಟರೆ ನಾವೇ ಹೊಲಿಸಿಕೊಳ್ಳುತ್ತೇವೆ. ದಯವಿಟ್ಟು ಅನುಮತಿ ಕೊಡಿ." ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಅದಕ್ಕೂ ಉತ್ತರ ಬರದಿದ್ದರೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಅದರ ಮೇಲೆ ಶಿವಮೊಗ್ಗದ ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಕಚೇರಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವೂ ಇದೆ.

ಹೆಜ್ಜೆ 3: ಸರ್ಕಾರಿ ಶಾಲೆಯಾದರೆ ಬರಬೇಕಾದ್ದು ಬಂದಿದೆಯಾ ನೋಡಿ

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಉಚಿತ. ಸಮಗ್ರ ಶಿಕ್ಷಣದಿಂದ ಬರುವ ಹಣವೂ ಇದಕ್ಕೆ ಸೇರುತ್ತದೆ. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೂಡ ಇದೆ. ಶೂ-ಸಾಕ್ಸ್‌ನ ಹಣ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಬರುತ್ತದೆ, ಸಮಿತಿಯೇ ಕೊಳ್ಳುತ್ತದೆ. ಕೆಲವು ವರ್ಷಗಳಿಂದ ಇದಕ್ಕೆ ಗೊತ್ತಾಗಿರುವ ದರ 1ರಿಂದ 5ನೇ ತರಗತಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಈ ದುಡ್ಡಿಗೆ ನಮ್ಮ ಮಳೆ ತಡೆಯುವ ಶೂ ಬರುವುದು ಕಷ್ಟ. ಅದಕ್ಕೇ ಕೊಳ್ಳುವ ಮೊದಲೇ ಎಸ್‌ಡಿಎಂಸಿ ಸಭೆಗೆ ಹೋಗಿ. ಮಳೆ ಮುಗಿದ ಮೇಲೆ ಕೊಡುತ್ತೀರಾ, ಶೂ ಬದಲು ಗಟ್ಟಿ ಸ್ಯಾಂಡಲ್ ಕೊಡಿಸೋಕೆ ಆಗುತ್ತದಾ ಅಂತ ಕೇಳಿ. ಕೇಳುವ ಹಕ್ಕು ಪೋಷಕರಿಗಿದೆ. ಆ ಸಮಿತಿಯಲ್ಲಿ ಇರುವವರೂ ಪೋಷಕರೇ.

ಬಟ್ಟೆ ಪೀಸಾಗಿ ಬಂದರೆ ಹೊಲಿಗೆ ಖರ್ಚು ಮನೆಯವರ ಮೇಲೆ ಬೀಳುತ್ತದೆ. ಊರಲ್ಲಿ ಸ್ತ್ರೀಶಕ್ತಿ ಸಂಘ ಅಥವಾ ಹೊಲಿಗೆ ಬಲ್ಲ ಹೆಂಗಸರು ಇದ್ದರೆ, ಇಡೀ ತರಗತಿಯದ್ದನ್ನು ಒಟ್ಟಿಗೆ ಕೊಟ್ಟು ಒಂದು ದರ ಮಾತಾಡಿ. ಒಂದೇ ಬಣ್ಣದ ದಾರ, ಒಂದೇ ಮಾದರಿ. ಹಾಗೆ ಸಾಲಾಗಿ ಹೊಲಿಯುವಾಗ ನಮಗೂ ಕೆಲಸ ಬೇಗ ಆಗುತ್ತದೆ. ದರ ಇಳಿಸಿದರೂ ನಷ್ಟವಿಲ್ಲ.

ಇನ್ನು ವಿದ್ಯಾರ್ಥಿವೇತನ. ಪ್ರಿ-ಮೆಟ್ರಿಕ್ (ಹತ್ತನೇ ತರಗತಿವರೆಗಿನ) ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಆ ದುಡ್ಡು ಜೂನ್‌ಗೆ ಕೈಗೆ ಬರುತ್ತದೆ ಅಂತ ನಂಬಿ ಕೂರಬೇಡಿ, ಬಂದಾಗ ದಸರಾ ಹೊತ್ತಿನ ಎರಡನೇ ಖರೀದಿಗೆ ಆಯಿತು.

ಹೆಜ್ಜೆ 4: ಎಷ್ಟು ಬೇಕು?

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. ಎರಡು ಅಂಗಿ ಇದ್ದರೆ ಒಂದೊಂದಕ್ಕೆ ನೂರು-ನೂರಾ ಹತ್ತು ಸಲ ಹಾಕಿ ಒಗೆಯುವ ಕೆಲಸ. ಬಯಲುಸೀಮೆಯಲ್ಲಿ ಎರಡು ಸಾಕು, ಸಂಜೆ ಒಗೆದು ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಜಡಿಮಳೆ ಹಿಡಿದರೆ ಎರಡು-ಮೂರು ದಿನವಾದರೂ ಒದ್ದೆ ಹೋಗುವುದಿಲ್ಲ.

ನನ್ನ ಲೆಕ್ಕ ಹೀಗೆ: ಮಲೆನಾಡಿನ ಮಗುವಿಗೆ ಮೂರು ಅಂಗಿ, ಎರಡು ಪ್ಯಾಂಟ್ ಅಥವಾ ಸ್ಕರ್ಟ್. ಮೂರರಲ್ಲಿ ಒಂದಾದರೂ ಹಳೆಯದಿರಲಿ. ಬಿಳಿ ಡ್ರೆಸ್, ಹೌಸ್ ಟೀ-ಶರ್ಟ್ ಕಡ್ಡಾಯವಿದ್ದರೆ ಒಂದೇ ಸಾಕು, ವಾರಕ್ಕೊಮ್ಮೆ ಬೇಕಾಗುವಂಥದ್ದು ತಾನೇ? ಟೈ, ಬೆಲ್ಟ್ ಹರಿಯುವ ತನಕ ಬದಲಿಸಬೇಡಿ. ಸ್ವೆಟರ್ ಬೇಕೇಬೇಕು ಎಂದರೆ ಒಂದು ಸೈಜ್ ದೊಡ್ಡದೇ ತನ್ನಿ. ತೋಳು ಒಳಗೆ ಮಡಚಿದರೆ ಯಾರಿಗೂ ಕಾಣುವುದಿಲ್ಲ.

ಹೆಜ್ಜೆ 5: ಬಟ್ಟೆ ಆರಿಸುವುದು

ಇದು ನನ್ನ ಕೆಲಸದ ಮಾತು, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ.

ರೆಡಿಮೇಡ್ ತಗೊಳ್ಳೋದಾ, ಹೊಲಿಸೋದಾ? ನಾಲ್ಕನೇ ತರಗತಿವರೆಗೆ ರೆಡಿಮೇಡೇ ವಾಸಿ, ಇಲ್ಲವೇ ದೊಡ್ಡ ಮಕ್ಕಳದ್ದು ಸಿಕ್ಕರೆ ಅದು. ಬೇಗ ಸಣ್ಣದಾಗುತ್ತದೆ, ಹೊಲಿಗೆ ಕೂಲಿ ಕೊಟ್ಟಷ್ಟು ಉಪಯೋಗ ಸಿಗುವುದಿಲ್ಲ. ಐದನೇ ತರಗತಿಯಿಂದ ಮೇಲೆ ಹೊಲಿಸುವುದರಲ್ಲೇ ಲಾಭ, ಬಟ್ಟೆ ಒಳಗೆ ಬಿಟ್ಟು ಹೊಲಿಯಬಹುದು. ರೆಡಿಮೇಡ್ ಕೊಳ್ಳುವಾಗ ಒಳಗು ಹೊರಗು ಮಾಡಿ ನೋಡಿ. ಪಕ್ಕದ ಹೊಲಿಗೆಯಲ್ಲಿ ಕಾಲು ಇಂಚು ಮಾತ್ರ ಬಟ್ಟೆ ಬಿಟ್ಟು ಓವರ್‌ಲಾಕ್ ಹೊಡೆದಿದ್ದರೆ ಮುಂದೆ ಬಿಚ್ಚಿ ದೊಡ್ಡದು ಮಾಡೋಕೆ ಏನೂ ಇರುವುದಿಲ್ಲ. ಕಂಕುಳಲ್ಲಿ, ಕೂರುವ ಜಾಗದಲ್ಲಿ ಎರಡು ಸಾಲು ಹೊಲಿಗೆ ಇದೆಯಾ ನೋಡಿ.

ಹೊಲಿಸುವುದಾದರೆ ಹಳೆ ಯೂನಿಫಾರ್ಮಿನ ಒಳ ಮಡಿಕೆಯಿಂದ ಎರಡು ಬೆರಳಷ್ಟು ತುಂಡು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ಹೊರಗಿನ ಬಟ್ಟೆ ಮಾಸಿರುತ್ತದೆ, ಒಳ ಮಡಿಕೆಯಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹೋಲಿಸಬೇಡಿ, ಬಾಗಿಲ ಹತ್ತಿರ ಹಗಲು ಬೆಳಕಿಗೆ ತನ್ನಿ. ನೇವಿ ಬ್ಲೂ ಮತ್ತು ಕಪ್ಪು ಒಳಗೆ ಒಂದೇ ಥರ ಕಾಣುತ್ತವೆ. ಚೆಕ್ಸ್ ಆದರೆ ಚೌಕದ ಅಳತೆಯೂ ಸೇರಬೇಕು. ಸರಿಯಾದ ಬಟ್ಟೆ ಸಿಕ್ಕಿದರೆ ಶೇಡ್ ನಂಬರ್ ಬರೆದುಕೊಳ್ಳಿ. ಎರಡನೇ ಸಲ ಹುಡುಕುವ ಕೆಲಸ ತಪ್ಪುತ್ತದೆ.

ಶಿವಮೊಗ್ಗದಲ್ಲಾದರೆ ಗಾಂಧಿ ಬಜಾರ್, ನೆಹರೂ ರಸ್ತೆ ಎರಡೂ ಕಡೆ ಸುತ್ತಿ ದರ ಕೇಳಿ. ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಬರೀ ಒಂದು ಮಗುವಿನ ಬಟ್ಟೆಗಾಗಿ ದೂರದಿಂದ ಹೋದರೆ ಉಳಿಸಿದ್ದು ಬಸ್ಸಿಗೇ ಹೋಗುತ್ತದೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಇರುವುದು ಸರ್ಕಾರಿ ಬಸ್ಸಿನಲ್ಲಿ, ನಮ್ಮ ಎಷ್ಟೋ ರೂಟಿನಲ್ಲಿ ಓಡುವುದು ಪ್ರೈವೇಟ್ ಬಸ್ಸು. ಹಾಗಾಗಿ ನಾಲ್ಕೈದು ಮನೆಯವರು ಸೇರಿ ಇಬ್ಬರನ್ನು ಕಳಿಸಿ. ಇಪ್ಪತ್ತು ಮೀಟರ್ ಒಟ್ಟಿಗೆ ತಗೊಳ್ಳುವವರಿಗೆ ತಾನಿನ (ಇಡೀ ಬಟ್ಟೆ ಸುರುಳಿಯ) ಲೆಕ್ಕದಲ್ಲಿ ಮೀಟರಿಗೆ ಇಷ್ಟು ಅಂತ ಇಳಿಸಿ ಕೊಡುವ ಅಂಗಡಿಯವರಿದ್ದಾರೆ. ಕೇಳದಿದ್ದರೆ ಇಳಿಸುವುದಿಲ್ಲ.

ಬಟ್ಟೆ ಕೊಳ್ಳುವಾಗ ಪನ್ನ, ಅಂದರೆ ಬಟ್ಟೆಯ ಅಗಲ ಕೇಳಿ. ಅಂಗಿ ಬಟ್ಟೆ 36 ಇಂಚು ಪನ್ನದ್ದೂ ಇರುತ್ತದೆ, 58 ಇಂಚಿನದ್ದೂ ಇರುತ್ತದೆ. ಸಣ್ಣ ಪನ್ನದ ಬಟ್ಟೆ ಮೀಟರಿಗೆ ಅಗ್ಗ ಅಂತ ಕಾಣುತ್ತದೆ, ಆದರೆ ಜಾಸ್ತಿ ಮೀಟರ್ ಬೇಕಾಗುತ್ತದೆ. ಅಣ್ಣ-ತಮ್ಮ ಇಬ್ಬರಿಗೂ ಒಂದೇ ಶಾಲೆಯ ಬಟ್ಟೆಯಾದರೆ ದೊಡ್ಡ ಪನ್ನದಲ್ಲಿ ಒಟ್ಟಿಗೆ ಕತ್ತರಿಸಿದಾಗ ಒಬ್ಬನ ಪಕ್ಕದ ತುಂಡಿನಲ್ಲಿ ಇನ್ನೊಬ್ಬನ ತೋಳು, ಕಾಲರ್ ಬಂದುಬಿಡುತ್ತದೆ. ಎಷ್ಟು ಬೇಕು ಅಂತ ಟೈಲರ್ ಹತ್ತಿರ ಮೊದಲೇ ಬರೆಸಿಕೊಂಡು ಹೋಗಿ, ಅಂಗಡಿಯವರ ಅಂದಾಜಿಗೆ ಬಿಡಬೇಡಿ.

ಕಾಟನ್ನಾ, ಮಿಕ್ಸಾ? ಮೈಗೆ ಹಿತ ಕಾಟನ್. ಆದರೆ ಮಳೆಗಾಲದಲ್ಲಿ ಒಣಗುವುದು ಪಾಲಿಯೆಸ್ಟರ್ ಜಾಸ್ತಿ ಇರುವ ಬಟ್ಟೆ. ಮಲೆನಾಡಿಗೆ ನಾನು ಹೇಳುವುದು ಮಿಕ್ಸ್ ಬಟ್ಟೆ, ಒಳಗೆ ಕಾಟನ್ ಬನಿಯನ್. ಅಂಗಡಿಯವರು "ಕಾಟನ್" ಅಂದರೆ ನಂಬಬೇಡಿ, ಅಂಚಿನಿಂದ ಒಂದು ಎಳೆ ಕಿತ್ತು ಮನೆಗೆ ತಂದು ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಕಾಟನ್ ಇದ್ದರೆ ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಹೊಲಿದ ಮೇಲೆ ಕುಗ್ಗಿದರೆ ಏನೂ ಮಾಡೋಕಾಗುವುದಿಲ್ಲ.

ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಸಿದ್ಧ ಉಡುಪಿಗೂ ಶೂಗೂ ಜಿಎಸ್‌ಟಿ ಶೇಕಡಾ 5 ಮಾತ್ರ.

ಹೆಜ್ಜೆ 6: ಬೆಳೆಯುವ ಮಗುವಿಗೆ ಹೊಲಿಸುವ ರೀತಿ

ಮೇ ಮೊದಲ ವಾರದಲ್ಲೇ ಕೊಡಿ. ಕೊನೆ ವಾರದಲ್ಲಿ ನಮಗೂ ನಿದ್ದೆ ಇರುವುದಿಲ್ಲ, ಅರ್ಜೆಂಟ್ ಅಂದರೆ ದರವೂ ಜಾಸ್ತಿ, ಕೆಲಸವೂ ಅಷ್ಟಕ್ಕಷ್ಟೆ.

ಟೈಲರಿಗೆ ಬರೀ "ದೊಡ್ಡದಾಗಿ ಹೊಲೀರಿ" ಅನ್ನಬೇಡಿ. ಹಾಗೆ ಹೇಳಿದರೆ ಭುಜ ಇಳಿದು ಜೋತಾಡುವ ಅಂಗಿ ಬರುತ್ತದೆ, ಮಗು ಇಡೀ ವರ್ಷ ಮುಜುಗರಪಡುತ್ತದೆ. ಭುಜ ಈಗಿನ ಅಳತೆಗಿಂತ ಅರ್ಧ ಇಂಚು ಮಾತ್ರ ಜಾಸ್ತಿ ಇರಲಿ. ಬೆಳೆಯಲು ಜಾಗ ಬಿಡಬೇಕಾದ್ದು ಒಳಗೆ. ಹೀಗೆ ಹೇಳಿ: ಪ್ಯಾಂಟಿನ ತುದಿಯಲ್ಲಿ ಮೂರು ಇಂಚು ಮಡಿಕೆ ಬಿಟ್ಟು ಕೈ ಹೊಲಿಗೆ ಹಾಕಿ. ಸೊಂಟದ ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಬಿಡಿ. ಅಂಗಿಯ, ಟ್ಯೂನಿಕ್‌ನ ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು. ಸ್ಕರ್ಟ್ ಆದರೆ ಸೊಂಟಕ್ಕೆ ಎರಡು ಹುಕ್ಕಿನ ಜಾಗ, ಕೆಳಗೆ ಎರಡು ಇಂಚಿನ ಟಕ್. ಮುಂದಿನ ವರ್ಷ ಟಕ್ ಬಿಚ್ಚಿದರೆ ಉದ್ದ ಬಂದೇ ಬಿಡುತ್ತದೆ. ಮಿಕ್ಕ ತುಂಡು ಬಟ್ಟೆ, ಎರಡು ಗುಂಡಿ ಕೇಳಿ ಇಸ್ಕೊಳ್ಳಿ. ಅದು ನಿಮ್ಮದೇ. ಮೊಣಕಾಲು ಹರಿದಾಗ ಒಳಗಿನಿಂದ ಹಾಕಲು ಅದೇ ಬಣ್ಣದ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ.

ಇನ್ನೊಂದು ಕೆಲಸ ಈಗ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಂಗಿ ಚೆನ್ನಾಗಿದ್ದು ಕಾಲರಿನ ಮಡಿಕೆ ಮಾತ್ರ ಸವೆದಿದ್ದರೆ, ಕಾಲರ್ ಬಿಚ್ಚಿ ತಿರುಗಿಸಿ ಹೊಲಿಸಬಹುದು. ಸವೆದ ಭಾಗ ಅಡಿಗೆ ಹೋಗುತ್ತದೆ. ನಾನು ಮೊದಲು ಕಾಲರ್ ಪಟ್ಟಿಯ ನಡುವೆ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತೇನೆ, ಆಮೇಲೆ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತೇನೆ, ತಿರುವಿ ಗುರುತಿಗೆ ಗುರುತು ಸೇರಿಸಿ ಮತ್ತೆ ಒಂದು ಸಾಲು ಹೊಲಿಗೆ. ಹೊಸ ಅಂಗಿಯ ದುಡ್ಡು ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ಹೆಜ್ಜೆ 7: ಮಳೆಗಾಲ ದಾಟಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯದು ಎರಡು, ಹೊಸದು ಒಂದು. ಅಷ್ಟರಲ್ಲೇ ಸಾಗಿಸಿ.

ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು ನಮ್ಮಲ್ಲಿ ರೂಢಿ. ಒಲೆಗೆ ತೀರಾ ಹತ್ತಿರ ಬೇಡ. ಮಿಕ್ಸ್ ಬಟ್ಟೆ ಕಾವಿಗೆ ಮುರುಟುತ್ತದೆ, ಬಿಳಿ ಅಂಗಿ ಹೊಗೆಗೆ ಹಳದಿಯಾಗುತ್ತದೆ. ಮೊದಲು ಒಣ ಟವೆಲಿನಲ್ಲಿ ಸುತ್ತಿ ಹಿಂಡಿ, ಆಮೇಲೆ ಒಳಗು ಹೊರಗು ಮಾಡಿ ಹಾಕಿ. ಅರ್ಧಂಬರ್ಧ ಒಣಗಿದ್ದನ್ನು ಮಡಚಿ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಕಪ್ಪು ಚುಕ್ಕೆ ಬಿದ್ದ ಬಿಳಿ ಬಟ್ಟೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲು ಬಂದ ದಿನ ಹರವಿ.

ಉಂಬಳ (ಜಿಗಣೆ) ಕಚ್ಚಿದ ರಕ್ತದ ಕಲೆ ಸಾಕ್ಸಿಗೆ ಆಗಿಯೇ ಆಗುತ್ತದೆ. ಬಿಸಿನೀರು ಹಾಕಬೇಡಿ, ಕಲೆ ಅಲ್ಲೇ ಕೂತುಬಿಡುತ್ತದೆ. ತಣ್ಣೀರಿಗೆ ಉಪ್ಪು ಹಾಕಿ ನೆನೆಸಿ, ಆಮೇಲೆ ಸೋಪು. ಕೆಮ್ಮಣ್ಣಿನ ಕೆಸರು ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ, ನಂತರ ಒಗೆಯಿರಿ. ಅಡಿಕೆ ಚೊಗರಿನ (ರಸದ) ಕಲೆ ಮಾತ್ರ ಯಾವ ಸೋಪಿಗೂ ಹೋಗುವುದಿಲ್ಲ. ಶಾಲೆಯಿಂದ ಬಂದ ಕೂಡಲೇ ಬಟ್ಟೆ ಬದಲಿಸಿಯೇ ತೋಟದ ಕಡೆ, ಅಡಿಕೆ ಸುಲಿಯುವ ಕಡೆ ಹೋಗಬೇಕು ಅಂತ ಮನೆಯಲ್ಲಿ ಕಟ್ಟುನಿಟ್ಟು ಮಾಡಿ.

ಶೂ ಒದ್ದೆಯಾದರೆ ಒಳಗಿನ ಅಟ್ಟೆ ತೆಗೆದು ಪೇಪರ್ ತುರುಕಿ, ರಾತ್ರಿ ಒಮ್ಮೆ ಪೇಪರ್ ಬದಲಿಸಿ. ಒಲೆ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಲು ಶಾಲೆ ಒಪ್ಪುತ್ತದಾ ಅಂತ ಮೊದಲ ಪೋಷಕರ ಸಭೆಯಲ್ಲೇ ಕೇಳಿ. ಒಪ್ಪಿದರೆ ಶೂ ಖರೀದಿಯನ್ನು ಅಕ್ಟೋಬರಿಗೆ ತಳ್ಳಬಹುದು.

ಹೆಜ್ಜೆ 8: ಎರಡನೇ ಖರೀದಿ ದಸರಾ ರಜೆಯಲ್ಲಿ

ಮಳೆ ತಗ್ಗಿರುತ್ತದೆ, ಟೈಲರಿಗೆ ಯೂನಿಫಾರ್ಮಿನ ಒತ್ತಡ ಇರುವುದಿಲ್ಲ, ಮಗು ಎಷ್ಟು ಬೆಳೆದಿದೆ ಅಂತ ಕಣ್ಣಿಗೇ ಕಾಣುತ್ತದೆ. ಆಗ ಒಂದು ಹೊಸ ಅಂಗಿ, ಒಂದು ಪ್ಯಾಂಟ್ ಹೊಲಿಸಿ. ಅದು ಮುಂದಿನ ಜೂನ್‌ಗೂ ಹೊಸದರ ಹಾಗೇ ಇರುತ್ತದೆ.

ಜೂನ್‌ನ ದುಡ್ಡನ್ನು ಕೊಯ್ಲಿನ ಕಾಲದಲ್ಲೇ ಎತ್ತಿಡಿ. ನವೆಂಬರ್‌ನಿಂದ ಮೇವರೆಗೆ ತಿಂಗಳಿಗೆ 300 ರೂಪಾಯಿ ಸಂಘದಲ್ಲೋ ಬ್ಯಾಂಕಿನ ಆರ್‌ಡಿಯಲ್ಲೋ ಹಾಕಿದರೆ ಏಳು ತಿಂಗಳಿಗೆ 2100 ಆಗುತ್ತದೆ. ಅಡಿಕೆ ಕೊನೆ (ಗೊನೆ) ಕೊಯ್ಯಲು, ಸುಲಿಯಲು ಹೋಗುವವರಿಗೂ ಕೂಲಿ ನಾಲ್ಕು ಕಾಸು ಜಾಸ್ತಿ ಸಿಗುವ ಕಾಲ ಅದೇ. ಬಡ್ಡಿಗೆ ಸಾಲ ತಂದು ಮಾತ್ರ ಯೂನಿಫಾರ್ಮ್ ಕೊಳ್ಳಬೇಡಿ. ಒಂದು ತಿಂಗಳು ಹಳೆ ಅಂಗಿಯಲ್ಲಿ ಕಳಿಸುತ್ತೇವೆ ಅಂತ ಮೇಷ್ಟ್ರಿಗೆ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಹೆಜ್ಜೆ 9: ಸಣ್ಣದಾದದ್ದನ್ನು ದಾಟಿಸಿ

ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳ ಯೂನಿಫಾರ್ಮ್ ಮನೆಯಲ್ಲಿ ನೆಲ ಒರೆಸುವ ಬಟ್ಟೆಯಾಗುತ್ತದೆ. ಅದರಲ್ಲಿ ಎಷ್ಟೋ ಇನ್ನೊಂದು ವರ್ಷ ಬಾಳುವಂಥವು. ಶಾಲೆಯಲ್ಲೇ ಒಂದು ಬೀರು ಕೇಳಿ. ಏಪ್ರಿಲ್‌ನಲ್ಲಿ ರಿಸಲ್ಟಿಗೆ ಎಲ್ಲರೂ ಬರುತ್ತಾರೆ, ಆ ದಿನವೇ ತಂದು ಇಡಲಿ, ಬೇಕಾದವರು ಆರಿಸಿಕೊಳ್ಳಲಿ. ಯಾರದ್ದು ಯಾರಿಗೆ ಹೋಯಿತು ಅಂತ ಪಟ್ಟಿ ಮಾಡಬೇಡಿ. "ಇದು ನಮ್ಮ ಮಗಳದ್ದು" ಅಂತ ತರಗತಿಯಲ್ಲಿ ಒಂದು ಮಾತು ಬಂದರೂ ತಗೊಂಡ ಮಗು ಮತ್ತೆ ಅದನ್ನು ಹಾಕುವುದಿಲ್ಲ. ಎಲ್ಲರೂ ಇಟ್ಟು ಎಲ್ಲರೂ ತಗೊಂಡರೆ ಆ ಮಾತೇ ಬರುವುದಿಲ್ಲ. ಅದಕ್ಕೇ ಅನುಕೂಲಸ್ಥರ ಮನೆಯವರೂ ಒಂದೆರಡು ತಗೊಳ್ಳಬೇಕು.

ಕೊಡುವ ಮೊದಲು ಒಗೆದು, ಎರಡು ದಿನ ಏಪ್ರಿಲ್ ಬಿಸಿಲಿಗೆ ಹಾಕಿ. ಗುಂಡಿ ಹೋಗಿದ್ದರೆ ಹಾಕಿ ಕೊಡಿ. ಒಳಗೆ ಬರೆದ ಹೆಸರಿನ ಮೇಲೆ ಒಂದು ಸಣ್ಣ ಪಟ್ಟಿ ಹೊಲಿಯಿರಿ. ಎದೆ, ಸೊಂಟ, ಉದ್ದದ ಅಳತೆ ಬರೆದ ಚೀಟಿಯನ್ನು ಕಾಲರಿಗೆ ಪಿನ್ ಮಾಡಿ. ಒಳಗೆ ಎಷ್ಟು ಇಂಚು ಬಟ್ಟೆ ಬಿಟ್ಟಿದೆ ಅನ್ನುವುದನ್ನೂ ಅದರಲ್ಲೇ ಬರೆಯಿರಿ. ತಗೊಂಡವರ ಟೈಲರಿಗೆ ಬಿಚ್ಚಿ ನೋಡುವ ಕೆಲಸ ತಪ್ಪುತ್ತದೆ.